ಮ್ಯಾನೇಜರನಿಗೆ ಅಜ್ಜಿಯ ಸಹಿ

ಡೊಂಬಿವಲಿ ಪೂರ್ವ
೨೭ ಏಪ್ರಿಲ್ ೨೦೨೫

ಪುಂಡರೀಕಾಕ್ಷ ಅಜ್ಜನಿಗೆ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ನಾನು ನಿಮ್ಮ ಅಕ್ಕ ಅನಸೂಯಮ್ಮನವರ ಮೊಮ್ಮಗಳು, ವಸಂತರ ಮಗಳು ಅಮೂಲ್ಯಾ. ವಯಸ್ಸು ಹದಿಮೂರು. ಶಾಲೆಯಲ್ಲಿ ಇಂಗ್ಲಿಷ್, ರಿಕ್ಷಾದಲ್ಲಿ ಹಿಂದಿ, ಕೆಳಗೆ ಆಟಕ್ಕೆ ಹೋದರೆ ಮರಾಠಿ. ಕನ್ನಡ ಕಿವಿಗೆ ಬೀಳುವುದು ಅಜ್ಜಿ ಬೈಯುವಾಗ ಮಾತ್ರ. ಅದಕ್ಕೇ ಅಜ್ಜಿ ಈ ರಜೆಯಿಂದ ಒಂದು ಕಾನೂನು ತಂದಿದ್ದಾರೆ. ತಪ್ಪದೆ ಯಾರಾದರೂ ನೆಂಟರಿಗೆ ಕನ್ನಡದಲ್ಲಿ ಪತ್ರ ಬರೆಯುತ್ತಿರಬೇಕು. ಇಲ್ಲದಿದ್ದರೆ ಮೊಬೈಲ್ ಇಲ್ಲ. ಬರೆದದ್ದನ್ನು ಅಜ್ಜಿ ಹೋಟೆಲಿನ ಗಲ್ಲಾದಲ್ಲಿ ಕೂತು ಕೆಂಪು ಪೆನ್ನಿನಲ್ಲಿ ತಿದ್ದುತ್ತಾರೆ. ನಾನು ಮತ್ತೆ ಚಂದ ಮಾಡಿ ಬರೆದು ಕಳಿಸಬೇಕು.

ಅಜ್ಜಿಯ ವಿಳಾಸದ ಪುಸ್ತಕದಲ್ಲಿ ಅರವತ್ತು ಹೆಸರುಗಳಿವೆ. ಅಡ್ಡಗೀಟು ಇರುವುದು ನಿಮ್ಮ ಹೆಸರಿಗೊಂದಕ್ಕೇ. ಅಪ್ಪನನ್ನು ಕೇಳಿದರೆ "ಅವರು ಬದಲಾಪುರದಲ್ಲಿ ಕೋಳಿ ಸಾಕ್ತಾರೆ, ಆ ಸುದ್ದಿ ಬಿಡು" ಅಂದರು. ನಾನು ಬಿಡಲಿಲ್ಲ. ನಮ್ಮದು ಶುದ್ಧ ಶಾಕಾಹಾರಿ ಹೋಟೆಲು. ಬಿಸ್ಕತ್ತಿನ ಪೊಟ್ಟಣ ತಂದರೂ ಅಜ್ಜಿ ಅದರ ಮೇಲೆ ಹಸಿರು ಚುಕ್ಕೆ ಹುಡುಕುತ್ತಾರೆ. ಅಂಥ ಮನೆಯವರು ಕೋಳಿ ಸಾಕುವುದೆಂದರೆ ಹೇಗೆ? ನೀವು ಅವುಗಳನ್ನು ತಿನ್ನುತ್ತೀರಾ? ನಿಮ್ಮ ಹೆಸರಿಗೆ ಗೀಟು ಯಾಕೆ?

ಈ ಪತ್ರವನ್ನು ಅಜ್ಜಿ ತಿದ್ದಿದ್ದಾರೆ. ಹನ್ನೊಂದು ತಪ್ಪುಗಳಿದ್ದವು.

ಇತಿ,
ಗುರುತಿಲ್ಲದ ಮೊಮ್ಮಗಳು
ಅಮೂಲ್ಯಾ


ಬದಲಾಪುರ
೫ ಮೇ ೨೦೨೫

ಚಿ. ಅಮೂಲ್ಯಾಳಿಗೆ ಆಶೀರ್ವಾದ. ಕೆಂಪು ಪೆನ್ನಿಗೆ ಸಾಷ್ಟಾಂಗ ನಮಸ್ಕಾರ.

ನಿನ್ನ ಪತ್ರ ತಂದ ಪೋಸ್ಟ್‌ಮನ್ ಎರಡು ಸಲ ವಿಳಾಸ ಓದಿದ. ನನಗೆ ವಿದ್ಯುತ್ ಬಿಲ್ಲು ಬಿಟ್ಟು ಬೇರೇನಾದರೂ ಬಂದದ್ದನ್ನು ಅವನು ಈ ಜನ್ಮದಲ್ಲಿ ಕಂಡಿಲ್ಲ. ನಾನು ಅದನ್ನು ಮೊದಲು ನನ್ನಷ್ಟಕ್ಕೆ, ಆಮೇಲೆ ಗೂಡಿನ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಸಭೆ ಗಂಭೀರವಾಗಿ ಕೇಳಿತು.

ನಿನ್ನ ಪ್ರಶ್ನೆಗಳಿಗೆ ಉತ್ತರ. ನಾನು ಕೋಳಿ ತಿನ್ನುವುದಿಲ್ಲ. ಮೊಟ್ಟೆಯ ರುಚಿ ಗೊತ್ತಿಲ್ಲ. ಎಪ್ಪತ್ತು ವರ್ಷದ ಈ ಬ್ರಹ್ಮಚಾರಿಯ ಊಟ ಇವತ್ತಿಗೂ ಸಾರು, ಅನ್ನ, ಮಜ್ಜಿಗೆ. ಊರಿನವರು ನನ್ನನ್ನು ಪೂರ್ತಿ ಹುಚ್ಚ ಎನ್ನುವುದಿಲ್ಲ. ಎನ್ನಲು ಅವರಿಗೆ ಪುರುಸೊತ್ತಿಲ್ಲ, ೭.೧೨ರ ಲೋಕಲ್ ಹಿಡಿಯಬೇಕಲ್ಲ.

ಗೀಟಿನ ಚರಿತ್ರೆ ಇಷ್ಟು. ನಿನ್ನಜ್ಜ ತೀರಿಕೊಂಡ ಮೇಲೆ ಅಕ್ಕ ಗಲ್ಲಾ ನೋಡುತ್ತಿದ್ದಳು, ನಾನು ಅಡುಗೆಮನೆ. ದಿನಾ ಚಹಾಕ್ಕೆ ಬರುತ್ತಿದ್ದ ಒಬ್ಬ ಮುದುಕ ಊರಿಗೆ ಹೊರಟವನು ತನ್ನ ಬಿಳಿ ಅಸೀಲ್ ಹೇಂಟೆಯನ್ನು ಮೊಟ್ಟೆ ಸಮೇತ ನನ್ನ ಕೈಗಿಟ್ಟ. ಅಸೀಲ್ ಎಂದರೆ ನಮ್ಮ ದೇಶದ್ದೇ ಹಳೆಯ ತಳಿ. ಅದರಲ್ಲಿ ಅಚ್ಚ ಬಿಳಿ ಅಪರೂಪ. "ಇದರ ವಂಶ ಉಳಿಸಿ, ಸೇಠ್" ಅಂದ. ಅಡುಗೆಭಟ್ಟನನ್ನು ಯಾರೂ ಅದುವರೆಗೆ ಸೇಠ್ ಎಂದಿರಲಿಲ್ಲ. ನಾನು ಕರಗಿದೆ. ಹೇಂಟೆಯನ್ನು ಉಗ್ರಾಣದಲ್ಲಿ ರವೆ ಮೂಟೆಗಳ ಹಿಂದೆ ಕಾವಿಗೆ ಕೂರಿಸಿದೆ. ಅವಕ್ಕೆ ಮರೆ ಬೇಕು. ಕಾವಿಗೆ ಇಪ್ಪತ್ತೊಂದು ದಿನ. ಆ ಇಪ್ಪತ್ತೊಂದನೆಯ ದಿನ ಯಾವುದೆಂದು ಪಂಚಾಂಗ ನೋಡಲಿಲ್ಲ, ಅದೇ ನನ್ನ ತಪ್ಪು.

ಅದು ಆಷಾಢ ಏಕಾದಶಿ. ಡೊಂಬಿವಲಿಯ ಅರ್ಧ ಊರು ಉಪವಾಸ ಮಾಡಿ ನಮ್ಮಲ್ಲಿ ಸಾಬುದಾಣಾ ವಡೆ ತಿನ್ನುವ ದಿನ. ಫ್ಯಾಮಿಲಿ ರೂಮ್ ತುಂಬಿತ್ತು. ಆಗ ಹೇಂಟೆ ಮುಂದೆ, ಹನ್ನೊಂದು ಮರಿಗಳು ಹಿಂದೆ, ಸಾಲಾಗಿ ಟೇಬಲ್ಲುಗಳ ಕೆಳಗೆ ಯಾತ್ರೆಯ ಭಕ್ತರಂತೆ ದಿಂಡಿ ಹೊರಟವು.

ಅಕ್ಕ ಹೇಳಿದ್ದು ಒಂದೇ ಮಾತು: "ಕೋಳಿ ಇದ್ರೆ ನೀನಿರ್ಲಿಕ್ಕಿಲ್ಲ." ನಾನು ಹನ್ನೆರಡು ಜೀವಗಳ ಪರವಾಗಿ ಮತ ಹಾಕಿ ಬದಲಾಪುರದ ಗಾಡಿ ಹತ್ತಿದೆ. ಇಪ್ಪತ್ತಮೂರು ವರ್ಷವಾಯಿತು.

ಈಗ ಆ ವಂಶದಲ್ಲಿ ಉಳಿದಿರುವುದು ಎರಡು ಹೇಂಟೆ, ಒಂದು ಮುದಿ ಹುಂಜ. ಹುಂಜನಿಗೆ ನನ್ನಂತೆಯೇ ಮಂಡಿನೋವು. ಒಂದು ಹೇಂಟೆ ಸದ್ಯದಲ್ಲೇ ಕಾವಿಗೆ ಕೂರಬಹುದು. ನೋಡಬೇಕೆನಿಸಿದರೆ ಬಾ.

ಪತ್ರ ಬರೆದೆಯಲ್ಲ ಮಗಾ, ದೊಡ್ಡ ಉಪಕಾರ.

ನಿನ್ನ
ಪುಂಡಜ್ಜ


ಡೊಂಬಿವಲಿ ಪೂರ್ವ
೧೫ ಮೇ ೨೦೨೫

ಪುಂಡಜ್ಜನಿಗೆ,

ಸೋಮವಾರ ಹೋಟೆಲಿಗೆ ರಜೆ ಇದ್ದದ್ದರಿಂದ ನಾನೂ ಅಪ್ಪನೂ ಬಾಳೆಎಲೆಯವನನ್ನು ನೋಡಲು ಬದಲಾಪುರಕ್ಕೆ ಬಂದಿದ್ದೆವು. ಅಕಸ್ಮಾತ್ ನಿಮ್ಮ ಮನೆ ಸಿಕ್ಕಿತು. ಅಜ್ಜಿ ಈ ಪತ್ರ ತಿದ್ದುವಾಗ ಇಲ್ಲಿಂದ ಮುಂದೆ ಓದಬಾರದೆಂದು ವಿನಂತಿ.

ಹೇಂಟೆ ಕಾವಿಗೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಅದು ಗಲ್ಲಾದಲ್ಲಿ ಕೂತ ಅಜ್ಜಿಯನ್ನೇ ಹೋಲುತ್ತದೆ. ಅಲ್ಲಾಡುವುದಿಲ್ಲ, ಕಣ್ಣು ಮಾತ್ರ ಎಲ್ಲ ಕಡೆ. ಒಂದು ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ 'ಅ' ಎಂದು ಬರೆಯಲು ಬಿಟ್ಟಿರಲ್ಲ, ಥ್ಯಾಂಕ್ಯೂ. ನಿಮ್ಮ ಕೋಳಿ ಸಾಕುವವರ ಬಳಗದ ಜನವರಿಯ ಪ್ರದರ್ಶನದಲ್ಲಿ ಹದಿನಾರರೊಳಗಿನ ಮಕ್ಕಳಿಗೆ ಬೇರೆ ವಿಭಾಗ ಇದೆ ಅಂದಿರಿ. ಆ ಮೊಟ್ಟೆಯಿಂದ ಬರುವುದನ್ನು ನಾನು ಅಲ್ಲಿಗೆ ತರುತ್ತೇನೆ. ನನಗೆ ಇದುವರೆಗೆ ಯಾವುದರಲ್ಲೂ ಏನೂ ಬಂದಿಲ್ಲ, ಸಮಾಧಾನಕರ ಬಹುಮಾನ ಕೂಡ.

ಇತಿ,
ಅಮೂಲ್ಯಾ

ಓದಬಾರದು ಎಂದ ಭಾಗದಲ್ಲಿ ಅಜ್ಜಿ ಆರು ತಪ್ಪು ತಿದ್ದಿದ್ದಾರೆ. 'ಗಲ್ಲಾದಲ್ಲಿ ಕೂತ ಅಜ್ಜಿ' ಎಂಬುದನ್ನು ಹೊಡೆದು ಹಾಕಲಿಲ್ಲ.


ಬದಲಾಪುರ
೩ ಜೂನ್ ೨೦೨೫

ಚಿ. ಅಮೂಲ್ಯಾ,

ಬಾಳೆಎಲೆಯವನನ್ನು ಹುಡುಕಿ ಬಂದವರು ಗೂಡಿನ ಮುಂದೆ ಮೂರು ಗಂಟೆ ಕೂತದ್ದು ನಮ್ಮ ಬೀದಿಯಲ್ಲಿ ಇನ್ನೂ ಚರ್ಚೆಯಲ್ಲಿದೆ.

ಈ ಪತ್ರದ ಉದ್ದೇಶ ಒಂದು ಜನನವಾರ್ತೆ. ನಿನ್ನೆ ಬೆಳಿಗ್ಗೆ ಒಂಬತ್ತು ಮೊಟ್ಟೆಗಳಲ್ಲಿ ಐದು ಒಡೆದವು. 'ಅ' ಮೊಟ್ಟೆ ಎಲ್ಲಕ್ಕಿಂತ ತಡ. ಚಿಪ್ಪಿನಲ್ಲಿ ತೂತು ಕೊರೆದು, ಹೊರಗೆ ನೋಡಿ, ಲೋಕ ಸರಿಯಿಲ್ಲವೆನಿಸಿತೋ ಏನೋ, ಮೂರು ತಾಸು ಯೋಚಿಸಿ ಹೊರಬಂತು. ನಾನು ಅದರ ಕಾಲಿಗೆ ಹಸಿರು ನೂಲು ಕಟ್ಟಿದ್ದೇನೆ. ನಿಮ್ಮ ಮನೆಯ ಚುಕ್ಕೆಯ ಬಣ್ಣವೇ.

ಮಳೆ ಕಡಿಮೆಯಾಗಲಿ, ಅದಕ್ಕೂ ಗಟ್ಟಿ ಪುಕ್ಕ ಬರಲಿ. ಆಮೇಲೆ ಕರೆದುಕೊಂಡು ಹೋಗು. ಎಲ್ಲಿಗೆ ಎಂಬುದನ್ನು ನಿಮ್ಮಪ್ಪ ಯೋಚಿಸಲಿ, ನನಗೆ ಆ ಧೈರ್ಯವಿಲ್ಲ.

ಪುಂಡಜ್ಜ


ಡೊಂಬಿವಲಿ ಪೂರ್ವ
೧೪ ಸೆಪ್ಟೆಂಬರ್ ೨೦೨೫

ಪುಂಡಜ್ಜನಿಗೆ ನಮಸ್ಕಾರ.

ನಿಮ್ಮಲ್ಲಿಂದ ತಂದ 'ಅ' ಮೊಟ್ಟೆಯ ಹುಂಜ ಕ್ಷೇಮ. ಅಪ್ಪ ಹೋಟೆಲಿನ ಟೆರೇಸಿನಲ್ಲಿ, ವೇಟರುಗಳ ಅಂಗಿ ಒಣಗಿಸುವ ಹಗ್ಗದ ಆಚೆ ಗೂಡು ಮಾಡಿಸಿದ್ದಾರೆ. "ಅಮ್ಮನಿಗೆ ಮಂಡಿನೋವು, ಮೂವತ್ತೆರಡು ಮೆಟ್ಟಿಲು ಹತ್ಲಿಕ್ಕಾಗುದಿಲ್ಲ" ಎಂಬುದು ಅಪ್ಪನ ಧೈರ್ಯ. ಅಜ್ಜಿ ಇದನ್ನೂ ತಿದ್ದುತ್ತಾರೆಂದು ಅಪ್ಪನಿಗೆ ನೆನಪಿಸಿದೆ. ಅವರು ಆ ದಿನ ಊಟಕ್ಕೆ ಬರಲಿಲ್ಲ.

ಹೆಸರು ಮ್ಯಾನೇಜರ್ ಎಂದಿಟ್ಟಿದ್ದೇನೆ. ಎದೆಯೆತ್ತಿ, ಕತ್ತು ನೆಟ್ಟಗೆ ಮಾಡಿ, ಯಾರೋ ಬಿಲ್ಲು ಕೊಡದೆ ಓಡಿದ್ದಾರೆ ಎಂಬಂತೆ ನಡೆಯುತ್ತಾನೆ. ನಮ್ಮ ನಿಜವಾದ ಮ್ಯಾನೇಜರ್ ಗುರುವಪ್ಪ ಮಾಮನಿಗೆ ಬೇಸರವಾಗಿದೆ. "ಇಪ್ಪತ್ತು ವರ್ಷ ಸರ್ವೀಸು ಮಾಡಿದ್ದಕ್ಕೆ ಇದಾ?" ಅಂದರು. ಆದರೆ ದಿನಾ ಹತ್ತಿ ಬಂದು ನೋಡುತ್ತಾರೆ.

ಒಂದು ವಿಚಿತ್ರ. ನಾನಿಟ್ಟ ಪ್ಲಾಸ್ಟಿಕ್ ಡಬ್ಬಿ ಹೋಗಿ ನೀರಿಗೆ ಸ್ಟೀಲ್ ಬಟ್ಟಲು ಬಂದಿದೆ. ಶಾಲೆಯಿಂದ ಬರುವಷ್ಟರಲ್ಲಿ ಯಾರೋ ನೆನೆಸಿದ ಹೆಸರುಕಾಳು ಹಾಕಿರುತ್ತಾರೆ. ಗುರುವಪ್ಪ ಮಾಮ ತಾನಲ್ಲ ಅಂದರು, ಅಪ್ಪನೂ ಅಲ್ಲ.

ಅಮೂಲ್ಯಾ


ಬದಲಾಪುರ
೨೨ ಸೆಪ್ಟೆಂಬರ್ ೨೦೨೫

ಚಿ. ಅಮೂಲ್ಯಾ,

ನಿನ್ನ ಪತ್ರದ ಕೊನೆಯ ಪ್ಯಾರಾವನ್ನು ನಾನು ನಾಲ್ಕು ಸಲ ಓದಿದೆ. ಕಾರಣ ಹೇಳುವುದಿಲ್ಲ.

ಹೆಸರುಕಾಳು ಹಾಕುವ ಅಜ್ಞಾತ ಮಹನೀಯರಿಗೆ ಈ ಮೂಲಕ ತಿಳಿಸುವುದೇನೆಂದರೆ, ಒಂದು ಹಕ್ಕಿಗೆ ಅರ್ಧ ಮುಷ್ಟಿ ಧಾರಾಳ. ಮೊಳಕೆ ಬಂದಿದ್ದರೆ ಇನ್ನೂ ಉತ್ತಮ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳತಕ್ಕದ್ದು.

ಇನ್ನು ನಿನ್ನ ಪಾಠ. ಪ್ರದರ್ಶನದ ದಿನ ತೀರ್ಪುಗಾರರು ಹಕ್ಕಿಯನ್ನು ಕೈಗೆತ್ತಿಕೊಂಡು ಕಾಲು, ಜುಟ್ಟು, ಕಣ್ಣು, ರೆಕ್ಕೆ ಬಿಡಿಸಿ ನೋಡುತ್ತಾರೆ. ಅಪರಿಚಿತ ಕೈಗೆ ಅಂಜಿ ಒದ್ದಾಡಿದರೆ ಕೆಲಸ ಕೆಟ್ಟಿತು. ಆದ್ದರಿಂದ ದಿನಾ ಹತ್ತು ನಿಮಿಷ ಬೇರೆ ಬೇರೆಯವರ ಕೈಗೆ ಕೊಡು. ವೇಟರು, ಹಾಲಿನವ, ಟ್ಯೂಷನ್ ಟೀಚರು, ಸಿಕ್ಕಿದವರೆಲ್ಲ ಆಗಬಹುದು.

ಪುಂಡಜ್ಜ


ಡೊಂಬಿವಲಿ ಪೂರ್ವ
೨೩ ನವೆಂಬರ್ ೨೦೨೫

ಪುಂಡಜ್ಜನಿಗೆ,

ಮ್ಯಾನೇಜರ್ ಕೂಗಲು ಕಲಿತಿದ್ದಾನೆ. ಬೆಳಿಗ್ಗೆ ನಾಲ್ಕೂವರೆಗೆ ಸರಿಯಾಗಿ. ಎದುರಿನ ಹೌಸಿಂಗ್ ಸೊಸೈಟಿಯವರು ಜಗಳಕ್ಕೆ ಬಂದರು. ಗಲ್ಲಾದಲ್ಲಿದ್ದ ಅಜ್ಜಿ ತಲೆಯೆತ್ತದೆ ಚಿಲ್ಲರೆ ಕೊಡುತ್ತಾ ಹೇಳಿದ್ದಿಷ್ಟೇ: "ನಮ್ಮ ಇಡ್ಲಿ ಹಿಟ್ಟಿನ ಗ್ರೈಂಡರೂ ಅದೇ ಹೊತ್ತಿಗೆ ಶುರುವಾಗ್ತದೆ. ಅದಕ್ಕೆ ಇಷ್ಟು ವರ್ಷ ನೀವೇನೂ ಹೇಳಲಿಲ್ಲ." ಅವರು ಎರಡು ಪ್ಲೇಟ್ ಇಡ್ಲಿ ತಿಂದು ಹೋದರು. ಕಾಳು ಈಗ ಮೊಳಕೆ ಬಂದದ್ದು ಇರುತ್ತದೆ.

ನಿಮ್ಮ ಬಳಗದ ಅರ್ಜಿ ಬಂತು. ಅದರಲ್ಲಿ ಎಂಟನೇ ನಂಬರಿನಲ್ಲಿ 'ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಸಹಿ' ಎಂದಿದೆ. ಅಪ್ಪ ಹಾಕಿದರೆ ನಡೆಯುವುದಿಲ್ಲವೇ? ನಾನು ಅರ್ಜಿಯನ್ನು ಅಜ್ಜಿಯ ಮುಂದಿಟ್ಟೆ. ಅವರು ಅದರ ಮರಾಠಿಯಲ್ಲಿ ಮೂರು ತಪ್ಪು ತಿದ್ದಿ ವಾಪಸು ಕೊಟ್ಟರು. ಸಹಿಯ ಜಾಗ ಖಾಲಿ. ಆ ಸಹಿಯಿಲ್ಲದೆ ನಾನು ಬರುವಂತೆಯೇ ಇಲ್ಲವೇ? ಈ ಕಾನೂನು ಮಾಡಿದ ಪುಣ್ಯಾತ್ಮ ಯಾರು?

ಅಮೂಲ್ಯಾ


ಬದಲಾಪುರ
೧ ಡಿಸೆಂಬರ್ ೨೦೨೫

ಚಿ. ಅಮೂಲ್ಯಾ,

ಆ ಪುಣ್ಯಾತ್ಮ ನಾನೇ.

ಮೂರು ವರ್ಷದ ಹಿಂದೆ ಮಕ್ಕಳ ವಿಭಾಗ ಶುರು ಮಾಡುವಾಗ ಉಳಿದವರು ತಂದೆ ಅಥವಾ ತಾಯಿಯ ಸಹಿ ಸಾಕೆಂದರು. ನಾನು ಎದ್ದು ನಿಂತು ಅರ್ಧ ಗಂಟೆ ಮಾತಾಡಿದೆ. ಅಪ್ಪಂದಿರು ಕಾಗದ ಓದದೆ ಸಹಿ ಹಾಕುವ ಜಾತಿ, ಮನೆಯಲ್ಲಿ ಒಂದು ಹಕ್ಕಿ ಇರಬೇಕೋ ಬೇಡವೋ ಎಂದು ನಿಜವಾಗಿ ತೀರ್ಮಾನಿಸುವವರು ಎಲ್ಲರಿಗಿಂತ ಹಿರಿಯರು, ಅವರನ್ನು ಕೇಳದೆ ಮೂಟೆಯ ಹಿಂದೆ ಮುಚ್ಚಿಟ್ಟು ಸಾಕಿದರೆ ಕೊನೆಗೆ ಹಕ್ಕಿಯೂ ಹೋಗುತ್ತದೆ, ಮನೆಯೂ ಹೋಗುತ್ತದೆ ಎಂದೆ. ಚಹಾ ತಡವಾಗಿದ್ದರಿಂದ ಎಲ್ಲರೂ ಬೇಗನೆ ಕೈ ಎತ್ತಿದರು.

ಈಗ ಆ ಎಂಟನೇ ನಂಬರು ನನ್ನನ್ನೇ ನೋಡಿ ನಗುತ್ತಿದೆ. ಆದರೂ ಅದನ್ನು ಮುರಿಯಲಾರೆ, ಮಗಾ. ನಿನಗೊಂದು ಕಾನೂನು, ಬೇರೆ ಮಕ್ಕಳಿಗೊಂದು ಎಂದರೆ ನಾನು ಅಧ್ಯಕ್ಷನಾಗಿದ್ದೂ ದಂಡ. ಕದ್ದು ಒಂದು ಸಲ ಸಾಕಿದ್ದೇನೆ. ಎರಡನೆಯ ಸಲ ಬೇಡ.

ಅರ್ಜಿ ಡಿಸೆಂಬರ್ ೩೧ರೊಳಗೆ ಮುಟ್ಟಬೇಕು. ಕೇಳು. ಒತ್ತಾಯ ಮಾಡಬೇಡ. ಸಹಿ ಬರದಿದ್ದರೂ ನನ್ನ ಮೇಲಿರುವ ನಿನ್ನ ಋಣ ಕಡಿಮೆಯಾಗುವುದಿಲ್ಲ.

ಪುಂಡಜ್ಜ


ಡೊಂಬಿವಲಿ ಪೂರ್ವ
೨೭ ಡಿಸೆಂಬರ್ ೨೦೨೫

ಪುಂಡಜ್ಜನಿಗೆ,

ಅರ್ಜಿ ಇದರೊಳಗಿದೆ. ಎಂಟನೇ ನಂಬರು ನೋಡಿ.

ನಡೆದದ್ದು ಹೀಗೆ. ನಿಮ್ಮ ಪತ್ರವನ್ನು ನಾನು ಗಲ್ಲಾದ ಪಕ್ಕ ನಿಂತು ಓದಿ ಹೇಳಿದೆ. ಮೂಟೆಯ ಮಾತು ಬಂದಾಗ ಅಜ್ಜಿ ಗಿರಾಕಿಗೆ ನೂರರ ಬದಲು ಐನೂರು ವಾಪಸು ಕೊಟ್ಟರು. ಗುರುವಪ್ಪ ಮಾಮ ಆ ಗಿರಾಕಿಯನ್ನು ಬಾಗಿಲಲ್ಲಿ ಹಿಡಿದು ತಂದರು. ಮೂರು ವಾರ ಅರ್ಜಿ ನನ್ನ ಚೀಲದಲ್ಲೇ ಇತ್ತು. ನಿನ್ನೆ ಊಟವಾದ ಮೇಲೆ "ಆ ಕಾಗದ ತಾ" ಅಂದರು. ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ, "ಹೋಟೆಲಿನ ಹೆಸರಲ್ಲಿ ಹೋಗುವ ಹಕ್ಕಿ. ಕೊಳಕಾಗಿ ಹೋಗ್ಬಾರ್ದು" ಅಂದರು.

ಹಾಗಾದರೆ ಸ್ನಾನ ಹೇಗೆ ಮಾಡಿಸುವುದು? ಬೇಗ ಬರೆಯಿರಿ.

ಅಮೂಲ್ಯಾ


ಬದಲಾಪುರ
೩ ಜನವರಿ ೨೦೨೬

ಚಿ. ಅಮೂಲ್ಯಾ,

ಅರ್ಜಿ ತಲುಪಿತು. ಅದರ ಬಗ್ಗೆ ಬರೆಯಲು ಹೋಗಿ ಎರಡು ಕಾಗದ ಹರಿದು ಹಾಕಿದೆ. ಆದ್ದರಿಂದ ನೇರವಾಗಿ ಸ್ನಾನಕ್ಕೆ ಬರುತ್ತೇನೆ.

ಪ್ರದರ್ಶನಕ್ಕೆ ಮೂರು ದಿನ ಮೊದಲು, ಬಿಸಿಲು ಚೆನ್ನಾಗಿರುವ ಹೊತ್ತಿಗೆ ಮೂರು ಬಕೆಟ್ಟು ಉಗುರು ಬೆಚ್ಚನೆಯ ನೀರು. ಮೊದಲನೆಯದರಲ್ಲಿ ಮಕ್ಕಳ ಶಾಂಪೂ. ಎರಡನೆಯದು ಬರಿ ನೀರು. ಮೂರನೆಯದರಲ್ಲಿ ಒಂದು ಚಮಚ ವಿನೆಗರ್. ಬೇರೇನೂ ಬೇಡ. ಪುಕ್ಕ ಇರುವ ದಿಕ್ಕಿಗೇ ಒರೆಸು. ಕಾಲಿಗೆ, ಜುಟ್ಟಿಗೆ ತೆಂಗಿನೆಣ್ಣೆಯ ಕೈ ಆಡಿಸು.

ಹದಿನೆಂಟಕ್ಕೆ ವಿಠ್ಠಲವಾಡಿ ಸ್ಟೇಷನ್ ಹತ್ತಿರದ ಮದುವೆ ಹಾಲ್‌ನಲ್ಲಿ ಸಿಗೋಣ.

ಪುಂಡಜ್ಜ


ಡೊಂಬಿವಲಿ ಪೂರ್ವ
೧೯ ಜನವರಿ ೨೦೨೬

ಪುಂಡಜ್ಜನಿಗೆ,

ನಿನ್ನೆ ಹಾಲ್‌ನಲ್ಲಿ ನೀವು ಅಧ್ಯಕ್ಷರ ಶಾಲು ಹೊದ್ದಿದ್ದಿರಿ. ಕೇಳಲೂ ಆಗಲಿಲ್ಲ, ಹೇಳಲೂ ಆಗಲಿಲ್ಲ. ಈಗ ಬರೆಯುತ್ತೇನೆ.

ಗುರುವಾರ ನಾನು ಬಕೆಟ್ಟು ಇಟ್ಟುಕೊಂಡು ಕೂತಾಗ ಮೆಟ್ಟಿಲಲ್ಲಿ ಸದ್ದಾಯಿತು. ಅಜ್ಜಿ. ಸೆರಗು ಸಿಕ್ಕಿಸಿಕೊಂಡು, ಗೋಡೆ ಹಿಡಿದು. ಮ್ಯಾನೇಜರ್ ಗುರುತಿನವರನ್ನು ಕಂಡಂತೆ ಓಡಿ ಹೋಗಿ ಅವರ ಕಾಲ ಬಳಿ ನಿಂತ. ನಾನು ಅಜ್ಜಿಯ ಮುಖ ನೋಡಿದೆ. ಅವರು ಬಕೆಟ್ಟು ನೋಡಿದರು.

"ಸರಿ ಆಚೆ" ಅಂದರು.

ಮೊದಲಿನ ಎರಡು ಬಕೆಟ್ಟು ನೀವು ಬರೆದಂತೆಯೇ. ಮೂರನೆಯದಕ್ಕೆ ಸೊಂಟದಿಂದ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ತೆಗೆದರು.

"ಅಜ್ಜಿ, ಪುಂಡಜ್ಜ ವಿನೆಗರ್ ಮಾತ್ರ ಬರೆದಿದ್ದಾರೆ."

"ಅವನು ಹೋಟೆಲಲ್ಲಿದ್ದಾಗ ತನ್ನ ಪಂಚೆ ಒಂದು ದಿನ ಬೆಳ್ಳಗೆ ಇಟ್ಟವನಲ್ಲ. ಅವನ ಹತ್ರ ನಾನು ಬಿಳಿ ಕಲಿಯುದಾ?"

ವೇಟರುಗಳ ಅಂಗಿಗೆ ಹಾಕುವ ಅದೇ ಅಳತೆಯಲ್ಲಿ ಹಾಕಿದರು. ನಲವತ್ತು ಅಂಗಿಯ ಅಳತೆ, ಒಂದು ಹುಂಜ. ಒದ್ದೆ ಇರುವಾಗ ಗೊತ್ತಾಗಲಿಲ್ಲ. ಒಣಗುತ್ತಾ ಬಂದಂತೆ ಆಕಾಶದ ಬಣ್ಣ ಏರಿತು. ಮೂರು ಸಲ ತೊಳೆದೆವು. ಹೋಗಲಿಲ್ಲ. ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ. "ನೀನು ಹೋಗು. ಸಹಿ ಹಾಕಿದ ಮೇಲೆ ಹೋಗದೆ ಇರ್ಬಾರ್ದು" ಅಂದರು.

ಮುಂದಿನದು ನಿಮಗೆ ಗೊತ್ತು. ಆದರೆ ನೀವು ದೂರ ನಿಂತಿದ್ದಿರಿ, ಮಾತು ಕೇಳಿಸಿರಲಿಕ್ಕಿಲ್ಲ. ಆ ತೀರ್ಪುಗಾರರು ಎರಡು ಸುತ್ತು ಬಂದು "ಬೇಟಾ, ಯೇ ಕೌನ್ ಸಾ ರಂಗ್ ಹೈ?" ಎಂದು ಬಣ್ಣ ಕೇಳಿದರು. ಪಕ್ಕದ ಪಂಜರದ ಮುಕ್ತಾ, ಕಡಕ್‌ನಾಥ್ ಎಂಬ ಕರಿ ಕೋಳಿ ತಂದವಳು, ಮೆಲ್ಲಗೆ ಮರಾಠಿಯಲ್ಲಿ "ಹೊಸ ತಳಿ ಅಂತ ಹೇಳು" ಅಂದಳು. ನನಗೆ ಒಂದು ಕ್ಷಣ ಹಾಗೆ ಹೇಳಬೇಕೆನಿಸಿತು. ಆದರೆ ಮರೆಮಾಚಿದ್ದರಿಂದ ಏನಾಯಿತೆಂದು ನೀವು ಬರೆದಿದ್ದಿರಲ್ಲ. "ಸಫೇದ್ ಹೈ ಸರ್. ದಾದಿ ನೇ ಪ್ಯಾರ್ ಸೇ ನೀಲ್ ಡಾಲಾ" ಎಂದೆ, ಬಿಳಿಯೇ, ಅಜ್ಜಿ ಪ್ರೀತಿಯಿಂದ ನೀಲಿ ಹಾಕಿದ್ದಾರೆ ಅಂತ. ಅವರು ನಗಲಿಲ್ಲ. ಹಕ್ಕಿಯನ್ನು ಎತ್ತಿಕೊಂಡು ಪೂರ್ತಿ ನೋಡಿದರು. ಮ್ಯಾನೇಜರ್ ಅಲ್ಲಾಡದೆ ಕೂತಿದ್ದ. ಟ್ಯೂಷನ್ ಟೀಚರ ಕೈಯಲ್ಲೂ ಹಾಗೇ ಕೂರುತ್ತಾನೆ.

ಆಮೇಲೆ ಬಣ್ಣ ತಾಗಿಸಿದ ಹಕ್ಕಿಗೆ ಸ್ಪರ್ಧೆಯಿಲ್ಲ ಎಂಬ ಕಾನೂನನ್ನು ಮೈಕಿನಲ್ಲಿ ಓದಿದವರು ನೀವೇ. ನನಗೆ ಸಿಟ್ಟಿಲ್ಲ. ಮುಕ್ತಾಳಿಗೆ ಮೊದಲ ಬಹುಮಾನ ಬಂತು, ಅವಳ ಹೇಂಟೆ ನಿಜವಾಗಿಯೂ ಚಂದ. ಆದರೆ ಜನ ಸೇರಿದ್ದು ನಮ್ಮ ಪಂಜರದ ಮುಂದೆ.

ಒಂದು ಮಾತು. ಎಲ್ಲರ ಅರ್ಜಿ ನೀವು ಫೈಲಿಗೆ ಹಾಕಿದಿರಿ. ನನ್ನದನ್ನು ಮಡಚಿ ಜೇಬಿಗೆ ಹಾಕಿಕೊಂಡಿರಿ. ನಾನು ನೋಡಿದೆ.

ಇತಿ,
ನೀಲಿ ಹುಂಜದ ಒಡತಿ
ಅಮೂಲ್ಯಾ


ಬದಲಾಪುರ
೨೨ ಜನವರಿ ೨೦೨೬

ಚಿ. ಅಮೂಲ್ಯಾ,

ತೀರ್ಪುಗಾರರ ಟಿಪ್ಪಣಿ ಕಳಿಸಿದ್ದೇನೆ. ಕಾಲು ಉತ್ತಮ, ಕತ್ತು ಉತ್ತಮ, ಕಣ್ಣು ಉತ್ತಮ, ನಡವಳಿಕೆ ಅತ್ಯುತ್ತಮ. ಬಣ್ಣದ ಮುಂದೆ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ. ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ಈ ಹುಡುಗಿ ಮುಂದಿನ ವರ್ಷವೂ ಬರಲಿ' ಎಂದಿದೆ. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಅಂಥದ್ದು ಬರೆದಿಲ್ಲ. ಬಣ್ಣಕ್ಕೆ ಅಂಜಬೇಡ. ಹಳೆ ಪುಕ್ಕ ಉದುರಿ ಹೊಸದು ಬರುವಾಗ ಮ್ಯಾನೇಜರ್ ಮತ್ತೆ ಬಿಳಿ.

ಅರ್ಜಿ ನನ್ನ ಹತ್ತಿರ ಇರಲಿ. ಬಳಗದ ಫೈಲಿನಲ್ಲಿ ಗೆದ್ದಲು ಜಾಸ್ತಿ. ಸಹಿಯ ಕೊನೆಯ ಅಕ್ಷರಕ್ಕೆ ಇವತ್ತಿಗೂ ಅದೇ ಉದ್ದ ಬಾಲ. ಶಾಲೆಯ ಅಂಕಪಟ್ಟಿಯಲ್ಲಿ ಅಪ್ಪಯ್ಯನ ಬದಲು ಅಕ್ಕನೇ ನನಗೆ ಸಹಿ ಹಾಕಿಕೊಡುತ್ತಿದ್ದಳು, ಗುರುತು ಸಿಗದೆ ಇರುತ್ತದೆಯೇ?

ಇನ್ನೊಂದು ಸುದ್ದಿ. ಮುದಿ ಹುಂಜ ಸಂಕ್ರಾಂತಿಯ ಮಾರನೆಯ ದಿನ ಹೋಯಿತು. ನಿನ್ನ 'ಅ' ಜೊತೆ ಹುಟ್ಟಿದ ನಾಲ್ಕೂ ಹೇಂಟೆಗಳೇ, ಈಗ ಆ ವಂಶದ ಗಂಡು ನಿಮ್ಮ ಟೆರೇಸಿನ ನೀಲಿಯವನೊಬ್ಬನೇ. ಮುಂದಿನದನ್ನು ನಾನು ಕೇಳಲಾರೆ. ಇದುವರೆಗೆ ಸಿಕ್ಕಿದ್ದೇ ಹೆಚ್ಚು. ಈ ಮಾತು ಯಾರಿಗೆ ಎಂದು ಬರೆಯಬೇಕಿಲ್ಲ, ಓದುವವರಿಗೆ ಗೊತ್ತಾಗುತ್ತದೆ.

ಪುಂಡಜ್ಜ


ಡೊಂಬಿವಲಿ ಪೂರ್ವ
೨೭ ಜನವರಿ ೨೦೨೬

ಚಿ. ಪುಂಡರೀಕಾಕ್ಷನಿಗೆ ಅಕ್ಕನ ಆಶೀರ್ವಾದ.

ಈ ಸಲದ ಪತ್ರ ನಾನೇ ಬರೆಯುತ್ತಿದ್ದೇನೆ. ಮಗು ತಿದ್ದಿದ್ದಾಳೆ. ಎರಡು ತಪ್ಪು ಸಿಕ್ಕಿತೆಂದು ಇಡೀ ಹೋಟೆಲಿಗೆ ಹೇಳಿಕೊಂಡು ಬಂದಳು.

ನೀಲಿ ಹೆಚ್ಚು ಹಾಕಿದ್ದು ನಾನು. ಮಗುವಿಗೆ ಬರಬೇಕಾದ ಬಹುಮಾನ ನನ್ನಿಂದ ತಪ್ಪಿತು. ನೀನು ಕಾನೂನು ಓದಿದ್ದು ಸರಿ. ಓದದಿದ್ದರೆ ನನಗೆ ಇನ್ನೂ ನಾಚಿಕೆಯಾಗುತ್ತಿತ್ತು.

ನೀನು ಮಗುವಿಗೆ ಬರೆದ ಏಕಾದಶಿಯ ಕಥೆಯಲ್ಲಿ ಒಂದು ಬಿಟ್ಟಿದ್ದೀಯ. ಕೋಳಿಗಾಗಿ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ನಿನ್ನ ಭಾವ ಹೋಗಿ ಎಂಟು ತಿಂಗಳಾಗಿತ್ತು. ಗಲ್ಲಾದಲ್ಲಿ ಹೆಂಗಸು ಕೂತಿದ್ದಾಳೆಂದು ಬಂದವರೆಲ್ಲ ನೋಡುತ್ತಿದ್ದರು. ಹಿಂದೆ ಅಡುಗೆಮನೆಯಲ್ಲಿ ನಿನ್ನ ಸದ್ದು ಕೇಳುತ್ತಿದ್ದರೆ ಧೈರ್ಯ. ಸಿಟ್ಟಿನಲ್ಲಿ ಹೋಗೆಂದೆ. ನೀನು ಹೋಗಿಯೇಬಿಟ್ಟೆ. ಸಂಜೆಯ ಗಾಡಿಗೆ ಬರುತ್ತೀ ಎಂದು ನಿನ್ನ ಪಾಲಿನ ಅನ್ನ ಮುಚ್ಚಿಟ್ಟಿದ್ದೆ. ಆಮೇಲೆ ಕೂಡ ಸುಮಾರು ದಿನ ಇಟ್ಟಿದ್ದೆ. ಇರಲಿ.

ಮೊಮ್ಮಗಳಿಗೆ ಕನ್ನಡ ಬಂತು. ಪತ್ರಕ್ಕೆ ಪತ್ರ ಬರೆದು ಕಲಿಸಿದವನು ನೀನು. ಅವಳು ಈಗ ಬೆಳಿಗ್ಗೆ ನಾಲ್ಕೂವರೆಗೆ ತಾನಾಗಿ ಏಳುತ್ತಾಳೆ. ಇದಕ್ಕೆಲ್ಲ ಬಾಯಲ್ಲಿ ಹೇಳಬೇಕಾದದ್ದು ಇದೆ, ಪೆನ್ನಿನಲ್ಲಿ ನನಗೆ ಬರುವುದಿಲ್ಲ.

ಫೆಬ್ರವರಿ ೨ ಸೋಮವಾರ, ರಜೆ. ನಾನು ಮಗುವಿನ ಜೊತೆ ಬದಲಾಪುರಕ್ಕೆ ಬರುತ್ತೇನೆ. ಬಾಳೆಎಲೆ ಬೇಕಾಗಿಲ್ಲ. ಕಾವಿಗೆ ಬಂದ ಹೇಂಟೆ ಇದ್ದರೆ ಮೊಟ್ಟೆ ಸಮೇತ ಕೊಡು, ಇಲ್ಲಿ ಒಬ್ಬನೇ ಇದ್ದಾನೆ. ನೀನೂ ನಮ್ಮ ಜೊತೆ ಹೊರಟು ಬಾ, ಅವಳನ್ನು ಕೂರಿಸಿಕೊಟ್ಟು ಊಟ ಮಾಡಿ ಹೋಗಬಹುದು. ಉಗ್ರಾಣಕ್ಕೆ ಮಾತ್ರ ಬಿಡುವುದಿಲ್ಲ. ಟೆರೇಸಿನಲ್ಲಿ ಗುರುವಪ್ಪನಿಂದ ಎರಡು ರವೆ ಮೂಟೆ ಇಡಿಸಿದ್ದೇನೆ, ಒಳಗೆ ಹೊಟ್ಟು ತುಂಬಿಸಿ. ಅವಕ್ಕೆ ಮರೆ ಬೇಕೆಂದು ನೀನು ಹೇಳಿದ್ದೆಯಲ್ಲ.

ಪಂಚಾಂಗ ನೋಡಿದೆ. ಅವತ್ತು ಕೂರಿಸಿದರೆ ಇಪ್ಪತ್ತೊಂದನೆಯ ದಿನ ೨೩ಕ್ಕೆ ಬರುತ್ತದೆ. ಏಕಾದಶಿ ೨೭ಕ್ಕೆ.

ಅಕ್ಕ